ಎತ್ತರದ ಛಾಯಾಚಿತ್ರ ಮತ್ತು ಕೊಲ್ಹಾಪುರದ ಶಿಲಾಲೇಖ

ಫ್ರಾನ್ಸಿನ ನಾದಾರ್ ೧೮೫೮ರಲ್ಲಿ ಬಲೂನಿನಿಂದ ತೆಗೆದ ಚಿತ್ರ ಉಳಿದಿಲ್ಲ. ೧೮೬೦ರಲ್ಲಿ ಜೇಮ್ಸ್ ವ್ಯಾಲೇಸ್ ಬ್ಲ್ಯಾಕ್ ತೆಗೆದ ಬಾಸ್ಟನ್ ನಗರದ ಚಿತ್ರವೇ ಇಂದು ಲಭ್ಯವಿರುವ ಅತ್ಯಂತ ಹಳೆಯ ವೈಮಾನಿಕ ಛಾಯಾಚಿತ್ರವೆನಿಸಿದೆ. ಬಲೂನಿಲ್ಲದ ಊರುಗಳಲ್ಲಿ ಗುಡ್ಡ, ಗೋಪುರ, ಮಾಳಿಗೆಗಳೇ ಛಾಯಾಗ್ರಾಹಕನಿಗೆ ಆ ಎತ್ತರವನ್ನು ಒದಗಿಸಿದವು. ಇಂತಹ ಚಿತ್ರಗಳನ್ನು ನಗರಚರಿತ್ರೆಯ ಆಕರವಾಗಿ ಬಳಸುವಾಗ ಒಂದು ಮಿತಿಯನ್ನು ಗಮನಿಸಬೇಕು: ಎತ್ತರದ ಕಣ್ಣಿಗೆ ಕಾಣುವುದು ಮೇಲ್ಛಾವಣಿ, ಮೇಲ್ಛಾವಣಿಯೋ ಬಹುಮಟ್ಟಿಗೆ ಕಟ್ಟಡದ ಈಚಿನ ಭಾಗ.

ಕೊಲ್ಹಾಪುರವನ್ನೇ ನೋಡಬಹುದು. ೧೮೮೪ರ ತರುವಾಯ ಈ ನಗರವನ್ನು ಮೇಲಿನಿಂದ ಕಾಣುವ ಯಾರ ದೃಷ್ಟಿಯೂ ಮೊದಲು ಚಾರ್ಲ್ಸ್ ಮ್ಯಾಂಟನ ಕಟ್ಟಡಗಳ ಮೇಲೆ ನಿಲ್ಲುತ್ತದೆ: ೧೮೭೨–೭೬ರ ಪುರಭವನ, ೧೮೭೭–೮೪ರ ಹೊಸ ಅರಮನೆ. ಇವುಗಳ ನಡುವೆ ಪ್ರಾಚೀನತೆಯ ಗುರುತಾಗಿ ತೋರುವುದು ಮಹಾಲಕ್ಷ್ಮೀ ದೇವಾಲಯದ ಶಿಖರ. ಆದರೆ ಆ ಶಿಖರ ಸಂಕೇಶ್ವರದ ಶಂಕರಾಚಾರ್ಯರು ಕಟ್ಟಿಸಿದ್ದು, ಕೆಳಗಿನ ಕಲ್ಲುಗೋಡೆಗಳಿಗಿಂತ ಶತಮಾನಗಳಷ್ಟು ಈಚಿನದು. ಸಂಕೇಶ್ವರ ಇಂದು ಬೆಳಗಾವಿ ಜಿಲ್ಲೆಯಲ್ಲಿದೆ. ಗಡಿರೇಖೆಗೆ ಈ ಸಂಬಂಧ ತಿಳಿಯದು.

ನಗರದ ಕನ್ನಡ ಪದರವಂತೂ ಎತ್ತರದ ಚಿತ್ರಕ್ಕೆ ಸಿಕ್ಕುವುದೇ ಇಲ್ಲ. ಅದನ್ನು ಕಾಣಲು ನೆಲಕ್ಕಿಳಿಯಬೇಕು. ಶುಕ್ರವಾರ ದ್ವಾರದ ಬಳಿಯ ಬಸದಿಯಲ್ಲಿ ದೊರೆತ ಶಕ ೧೦೬೫ರ, ಎಂದರೆ ಕ್ರಿ.ಶ. ೧೧೪೩ರ, ಶಾಸನ ಶಿಲಾಹಾರ ವಿಜಯಾದಿತ್ಯನ ಕಾಲದ್ದು. ಕೀಲ್‌ಹಾರ್ನ್ ಇದನ್ನು ‘ಎಪಿಗ್ರಾಫಿಯಾ ಇಂಡಿಕಾ’ದ ಮೂರನೆಯ ಸಂಪುಟದಲ್ಲಿ ಪ್ರಕಟಿಸಿದರು. ಚಂದ್ರಗ್ರಹಣದ ದಿನ ಬಸದಿಗೆ ನೀಡಿದ ಭೂದಾನವೇ ಇದರ ವಿಷಯ. ಭಾಷೆ ಸಂಸ್ಕೃತ, ಲಿಪಿ ಹಳಗನ್ನಡ. ಲಿಪಿಯೊಂದನ್ನೇ ಹಿಡಿದು ಅಂದಿನ ಜನ ಕನ್ನಡಿಗರೆಂದು ಸಾರುವುದು ನಮ್ಮಲ್ಲಿ ರೂಢಿಯಾಗಿದೆ; ಅದು ಅವಸರದ ತೀರ್ಮಾನ. ಲಿಪಿಯಿಂದ ತಿಳಿಯುವುದು ಬರೆಯುವವರ ಅಭ್ಯಾಸ ಮಾತ್ರ. ಜನಭಾಷೆಯ ಸುಳಿವು ಬೇರೆಡೆ ಇದೆ. ಬಸದಿಯಿದ್ದ ಗ್ರಾಮದ ಹೆಸರು ಹಾವಿನ ಹೇರಿಲಗೆ. ಸಂಸ್ಕೃತ ವಾಕ್ಯದ ನಡುವೆಯೂ ‘ಹಾವಿನ’ ಎಂಬ ಕನ್ನಡ ಷಷ್ಠೀರೂಪ ಹಾಗೆಯೇ ಉಳಿದಿದೆ. ಶಾಸನಕವಿ ಅದನ್ನು ಅನುವಾದಿಸಲಿಲ್ಲ. ಊರ ಜನ ಕರೆಯುತ್ತಿದ್ದ ಹೆಸರನ್ನು ಬದಲಿಸಿದರೆ ದಾನಪತ್ರವೇ ನಿರರ್ಥಕವಾಗುತ್ತಿತ್ತು. ಭೂಮಿಯನ್ನು ಅಳೆದದ್ದು ಕುಂಡಿ ದಂಡದಿಂದ. ಕುಂಡಿ ಮೂರುಸಾವಿರವೆಂದರೆ ರಟ್ಟರು ಆಳಿದ, ಇಂದಿನ ಬೆಳಗಾವಿ ಭಾಗದ ನಾಡು. ಕೊಲ್ಹಾಪುರದ ರಾಜನ ದಾನಕ್ಕೆ ನೆರೆನಾಡಿನ ಅಳತೆಗೋಲು ಸಲ್ಲುತ್ತಿತ್ತು.

ಇಚಲಕರಂಜಿ, ಗಡಹಿಂಗ್ಲಜ ಪರಿಸರದ ಹಳೆಯ ಛಾಯಾಚಿತ್ರಗಳಿಗೆ ಸೂಚಿ ಸಿದ್ಧಪಡಿಸುವವರು ಕಟ್ಟಡದ ಹೆಸರು, ನಿರ್ಮಾಣಕಾಲಗಳನ್ನು ನಮೂದಿಸಿದರೆ ಸಾಲದು. ಅದೇ ಆವರಣದಲ್ಲಿ ಶಾಸನವಿದ್ದರೆ ಅದರ ಭಾಷೆಗೊಂದು, ಲಿಪಿಗೊಂದು, ಅದರಲ್ಲಿ ಬರುವ ಸ್ಥಳನಾಮಗಳಿಗೊಂದು ಎಂದು ಪ್ರತ್ಯೇಕ ಅಂಕಣಗಳಿರಬೇಕು.