ಸಂಸ್ಥೆಯ ಹೆಸರಿನಲ್ಲಿ ಕಾರು: ವೆಚ್ಚವೆಷ್ಟು, ತೆರಿಗೆ ಉಳಿತಾಯವೆಷ್ಟು?

ಆರ್ಥಿಕ ವರ್ಷ ಮುಗಿಯುತ್ತ ಬಂದಂತೆ, "ಹೇಗೂ ತೆರಿಗೆ ಕಟ್ಟಲೇಬೇಕು, ಅದರ ಬದಲು ಸಂಸ್ಥೆಯ ಹೆಸರಿನಲ್ಲಿ ಒಂದು ಕಾರನ್ನೇ ಕೊಳ್ಳೋಣ" ಎಂಬ ಮಾತು ವರ್ತಕ ವಲಯದಲ್ಲಿ ಕೇಳಿಬರುವುದುಂಟು. ಕಾರಿಗೆ ತೆತ್ತ ಹಣವೆಲ್ಲವೂ ಆ ವರ್ಷದ ಲಾಭದಿಂದ ಕಳೆದುಹೋಗುತ್ತದೆ ಎಂಬ ಭಾವನೆಯೇ ಇದಕ್ಕೆ ಕಾರಣ. ವಾಸ್ತವ ಹಾಗಿಲ್ಲ.

ಕಾರು ಬಂಡವಾಳ ಆಸ್ತಿಯಾದ್ದರಿಂದ ಅದರ ಬೆಲೆ ಖರ್ಚಾಗುವುದಿಲ್ಲ. ಸವಕಳಿ ಮಾತ್ರ ಖರ್ಚಾಗುತ್ತದೆ. ಸ್ವಂತ ವ್ಯವಹಾರಕ್ಕೆ ಬಳಸುವ ಕಾರಿಗೆ ಸವಕಳಿಯ ದರ ಇಳಿಕೆ ಮೌಲ್ಯದ ಮೇಲೆ ಶೇ. 15. ಕೊಂಡ ವರ್ಷದಲ್ಲಿ 180 ದಿನಗಳಿಗಿಂತ ಕಡಿಮೆ ಅವಧಿಗೆ ಬಳಕೆಯಾದರೆ ಅದರ ಅರ್ಧ, ಅಂದರೆ ಶೇ. 7.5 ಮಾತ್ರ. 2026ರ ಏಪ್ರಿಲ್ 1ರಿಂದ ಅನ್ವಯವಾಗುವ 2025ರ ಆದಾಯ ತೆರಿಗೆ ಕಾಯಿದೆಯಲ್ಲಿಯೂ ಈ ತತ್ತ್ವವೇ ಮುಂದುವರಿದಿದೆ.

ಉದಾಹರಣೆಗೆ, ಪಾಲುದಾರಿಕೆ ಸಂಸ್ಥೆಯೊಂದು ಜಿ.ಎಸ್.ಟಿ., ಜೀವಾವಧಿ ವಾಹನ ತೆರಿಗೆ ಮತ್ತು ನೋಂದಣಿ ಸೇರಿ 12,00,000 ರೂ. ತೆತ್ತು ಮಾರ್ಚ್ ತಿಂಗಳಲ್ಲಿ ಕಾರು ಕೊಂಡಿತೆನ್ನೋಣ. ಆ ವರ್ಷದ ಸವಕಳಿ 90,000 ರೂ. ಶೇ. 30ರ ದರದಲ್ಲಿ, ಸೆಸ್ ಹೊರತುಪಡಿಸಿ, ಉಳಿಯುವ ತೆರಿಗೆ 27,000 ರೂ. ಮಾತ್ರ. ಏಪ್ರಿಲ್‌ನಲ್ಲಿಯೇ ಕೊಂಡಿದ್ದರೂ ಈ ಉಳಿತಾಯ 54,000 ರೂಪಾಯಿ ಮೀರುತ್ತಿರಲಿಲ್ಲ. ಮುಂದಿನ ವರ್ಷಗಳಲ್ಲಿಯೂ ಸವಕಳಿ ದೊರೆಯುತ್ತದೆ. ಆದರೆ ಪ್ರತಿ ವರ್ಷ ಕಡಿಮೆಯಾಗುತ್ತ ಹೋಗುತ್ತದೆ. ಸಾಲ ಮಾಡಿ ಕೊಂಡರೆ ಮಾಸಿಕ ಕಂತಿನಲ್ಲಿ ಬಡ್ಡಿಯ ಭಾಗ ಮಾತ್ರ ಖರ್ಚು, ಅಸಲು ಖರ್ಚಲ್ಲ.

ಜಿ.ಎಸ್.ಟಿ. ವಿಷಯದಲ್ಲಿ ನಿರ್ಬಂಧ ಇನ್ನೂ ಬಿಗಿ. ಚಾಲಕ ಸೇರಿ 13 ಆಸನಗಳವರೆಗಿನ ಪ್ರಯಾಣಿಕ ವಾಹನಕ್ಕೆ ತೆತ್ತ ತೆರಿಗೆಯ ಮೇಲೆ, ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಎಂದು ಕರೆಯುವ ಹೂಡುವಳಿ ತೆರಿಗೆ ಜಮೆ ಸಾಮಾನ್ಯ ವರ್ತಕರಿಗೆ ದೊರೆಯುವುದಿಲ್ಲ. ಅಂಥ ವಾಹನದ ವಿಮೆ ಮತ್ತು ದುರಸ್ತಿಗೂ ಇದೇ ನಿಯಮ. ವಾಹನ ಮಾರಾಟ, ಪ್ರಯಾಣಿಕ ಸಾರಿಗೆ ಹಾಗೂ ಚಾಲನಾ ತರಬೇತಿ ವ್ಯವಹಾರದವರಿಗೆ ಮಾತ್ರ ವಿನಾಯಿತಿಯುಂಟು. ಸರಕು ಸಾಗಿಸುವ ಪಿಕ್‌ಅಪ್ ವಾಹನವನ್ನು ತೆರಿಗೆ ಅನ್ವಯವಾಗುವ ವ್ಯವಹಾರಕ್ಕೆ ಬಳಸಿದರೆ ಜಮೆ ದೊರೆಯುತ್ತದೆ. ಕಾರಖಾನೆಯ ಅಗತ್ಯ ಸರಕು ಸಾಗಣೆಯೇ ಆಗಿದ್ದಲ್ಲಿ ಈ ವ್ಯತ್ಯಾಸವನ್ನು ಕೊಳ್ಳುವ ಮೊದಲೇ ತೂಗಿ ನೋಡಬೇಕು.

ಮನೆಯ ಬಳಕೆಯೂ ಲೆಕ್ಕಕ್ಕೆ ಬರುತ್ತದೆ. ಒಡೆತನದ ಅಂಗಡಿ ಅಥವಾ ಪಾಲುದಾರಿಕೆಯಲ್ಲಿ ಕಾಲುಭಾಗ ಸ್ವಂತ ಬಳಕೆಯಿದ್ದರೆ ಸವಕಳಿ, ಇಂಧನ, ವಿಮೆ ಎಲ್ಲದರಲ್ಲಿಯೂ ಅಷ್ಟು ಪಾಲನ್ನು ತೆರಿಗೆ ಅಧಿಕಾರಿಗಳು ತಿರಸ್ಕರಿಸಬಹುದು. ಮೇಲಿನ 27,000 ರೂ. ಆಗ 20,250 ರೂಪಾಯಿಗೆ ಇಳಿಯುತ್ತದೆ. ಕಂಪೆನಿಯಾದರೆ, ಕಾರು ಬಳಸುವ ವೇತನದಾರ ನಿರ್ದೇಶಕರ ಆದಾಯಕ್ಕೆ ಸವಲತ್ತಿನ ಮೌಲ್ಯ ಸೇರುತ್ತದೆ. ಸ್ವಂತ ಹಾಗೂ ಕಚೇರಿಯ ಬಳಕೆ ಎರಡೂ ಇದ್ದಲ್ಲಿ ಇಂಜಿನ್ 1.6 ಲೀಟರ್ ಮೀರಿದೆಯೇ, ಚಾಲಕನಿದ್ದಾನೆಯೇ ಎಂಬುದನ್ನು ಆಧರಿಸಿ ಈ ಮೌಲ್ಯ ನಿಗದಿಯಾಗುತ್ತದೆ. ಕೇವಲ ಕಚೇರಿ ಕೆಲಸಕ್ಕೆ ಬಳಕೆಯೆಂದು ವಾದಿಸುವುದಾದರೆ ದಿನಾಂಕ, ಸ್ಥಳ, ಕಿಲೋಮೀಟರ್ ಮತ್ತು ವೆಚ್ಚ ನಮೂದಿಸಿದ ಪ್ರಯಾಣ ಪುಸ್ತಕ ಇರಲೇಬೇಕು.

ಪಾವತಿಯ ವಿಧಾನದಲ್ಲಿಯೂ ಎಚ್ಚರ ಅಗತ್ಯ. ಒಬ್ಬ ವ್ಯಕ್ತಿಗೆ ಒಂದೇ ದಿನ 10,000 ರೂ. ಮೀರಿ ನಗದು ತೆತ್ತರೆ ಆ ಮೊತ್ತ ಕಾರಿನ ವೆಚ್ಚಕ್ಕೆ ಸೇರುವುದಿಲ್ಲ. ಅದರ ಮೇಲೆ ಸವಕಳಿಯೂ ಇಲ್ಲ. ಕಾರಿನ ಬೆಲೆ 10 ಲಕ್ಷ ರೂ. ಮೀರಿದರೆ ಮಾರಾಟಗಾರರು ವಸೂಲು ಮಾಡುವ ಶೇ. 1ರ ತೆರಿಗೆ ವೆಚ್ಚವಲ್ಲ; ಅದನ್ನು ರಿಟರ್ನ್‌ನಲ್ಲಿ ಜಮೆಯಾಗಿ ಪಡೆಯಬಹುದು.

ಕಾರನ್ನು ಮಾರುವಾಗ ಬರುವ ಹಣ ಅದೇ ದರದ ಆಸ್ತಿಗಳ ಇಳಿಕೆ ಮೌಲ್ಯದಿಂದ ಕಳೆಯುತ್ತದೆ. ಹಾಗಾಗಿ ಮುಂದಿನ ಸವಕಳಿಯೂ ತಗ್ಗುತ್ತದೆ. ಜಿ.ಎಸ್.ಟಿ. ನೋಂದಾಯಿತರು, ಜಮೆ ಪಡೆಯದ ಹಳೆಯ ಕಾರನ್ನು ಇಳಿಕೆ ಮೌಲ್ಯಕ್ಕಿಂತ ಹೆಚ್ಚಿನ ಬೆಲೆಗೆ ಮಾರಿದರೆ ಆ ಹೆಚ್ಚುವರಿಯ ಮೇಲೆ 2025ರ ಜನವರಿಯಿಂದ ಶೇ. 18 ತೆರಿಗೆಯಿದೆ.

ಒಟ್ಟಿನಲ್ಲಿ ತೆರಿಗೆಯ ರಿಯಾಯಿತಿ ವೆಚ್ಚದ ಒಂದು ಅಂಶವನ್ನಷ್ಟೇ ಹಿಂದಿರುಗಿಸುತ್ತದೆ. ಉಳಿದುದೆಲ್ಲ ದುಡಿಯುವ ಬಂಡವಾಳದಿಂದಲೇ ಹೋಗುತ್ತದೆ. ತಿಂಗಳಿಗೆ ಎಷ್ಟು ಕಿಲೋಮೀಟರ್ ಓಡಾಟವಿದೆ, ಬಾಡಿಗೆ ವಾಹನಕ್ಕೆ ಎಷ್ಟಾಗುತ್ತದೆ, ಅದೇ ಹಣ ಸರಕು ಅಥವಾ ಯಂತ್ರಕ್ಕೆ ಹಾಕಿದರೆ ಎಷ್ಟು ದುಡಿಯುತ್ತದೆ ಎಂಬ ಲೆಕ್ಕ ಮೊದಲು ಆಗಬೇಕು. ಆ ಲೆಕ್ಕದಲ್ಲಿ ಕಾರು ಬೇಕೆಂದಾದರೆ, ಸಾಧ್ಯವಿದ್ದಷ್ಟೂ ಸೆಪ್ಟೆಂಬರ್ ಅಂತ್ಯದೊಳಗೆ ಕೊಂಡು ಬಳಕೆಗೆ ತರುವುದು ಲಾಭಕರ.