ಹಾರುವ ಬಂಡಿಗೆ ಗಟ್ಟಿ ಆಕ್ಸಲ್

ಗಾಳಿಪಟವೇ ಎಳೆದೊಯ್ಯುವ ಮೂರು ಚಕ್ರದ ಬಂಡಿ, ಕೈಟ್ ಬಗ್ಗಿ. 1990ರ ಸುಮಾರಿಗೆ ನ್ಯೂಜಿಲೆಂಡಿನ ಪೀಟರ್ ಲಿನ್ ಇದನ್ನು ಜನಪ್ರಿಯಗೊಳಿಸಿದರು. ಸಾಹಸಿಗಳು ಇದರಲ್ಲಿ ಕೂತೇ ಮೇಲಕ್ಕೆ ಜಿಗಿಯುತ್ತಾರೆ. ಕಷ್ಟವಿರುವುದು ಇಳಿಯುವಾಗ.

ಒಂದು ಮೀಟರ್ ಎತ್ತರದಿಂದ ನೇರ ಬಿದ್ದು 10 ಸೆಂ.ಮೀ. ಒಳಗೆ ನಿಂತರೆ, ಸರಾಸರಿ ಹೊಡೆತ ತೂಕದ ಹತ್ತು ಪಟ್ಟಿಗೂ ಹೆಚ್ಚು. ಅದರ ಬಹುಪಾಲು ಹಿಂದಿನ ಆಕ್ಸಲ್ ಮೇಲೆ. ಬಿರುಕು ಸಾಮಾನ್ಯವಾಗಿ ಶುರುವಾಗುವುದು ವೆಲ್ಡಿಂಗ್ ಅಂಚಿನಲ್ಲಿ. ಅದಕ್ಕೇ ಮೂಲೆಗಳಿಗೆ ತ್ರಿಕೋನದ ಗಸೆಟ್ ಪ್ಲೇಟ್ ಬೇಕು. ಆಕ್ಸಲ್ ಪೈಪಿನ ಗೋಡೆ ಅಷ್ಟೇ ದಪ್ಪವಿದ್ದು ವ್ಯಾಸ ಮಾತ್ರ ಎರಡರಷ್ಟಾದರೆ, ತೂಕ ಸುಮಾರು ಎರಡು ಪಟ್ಟಾಗುತ್ತದೆ. ಬಾಗದೆ ತಡೆಯುವ ಶಕ್ತಿ ಸುಮಾರು ನಾಲ್ಕು ಪಟ್ಟು! ಅಗಲ ಟೈರಿಗೆ ಹದವಾಗಿ ಗಾಳಿ ತುಂಬಿದರೆ ಹೊಡೆತ ಇನ್ನೂ ತಗ್ಗುತ್ತದೆ.

ಮುರಿದ ಪೈಪನ್ನು ಮತ್ತೆ ಬೆಸೆಯಬಹುದು, ಬೆನ್ನುಮೂಳೆಯನ್ನಲ್ಲ. ಪರೀಕ್ಷೆಗೆಂದು ನಾವು ಬಾಯಿಪಾಠ ಮಾಡುವ ಸೂತ್ರಗಳೇ ಅಲ್ಲಿ ಸವಾರನನ್ನು ಕಾಯುತ್ತವೆ.