ಕಾದಂಬರಿಕಾರರು ಬರೆಯುವುದೇಕೆ?

ಹರಿಹರ ಮಹಾಕವಿಯ ಸೋದರಳಿಯನಾದ ರಾಘವಾಂಕನು ಹರಿಶ್ಚಂದ್ರಕಾವ್ಯವನ್ನು ರಚಿಸಿ ಗುರುವಿನ ಮುಂದಿರಿಸಿದಾಗ ನಡೆಯಿತೆನ್ನಲಾದ ಪ್ರಸಂಗವು ನಮ್ಮ ವಾಚಕರಲ್ಲಿ ಬಹುಮಂದಿಗೆ ತಿಳಿದದ್ದೇ ಆಗಿದೆ. ಶಿವಶರಣರನ್ನು ಬಿಟ್ಟು ಮರ್ತ್ಯನಾದ ಅರಸನೊಬ್ಬನನ್ನು ಹಾಡಿದನಲ್ಲಾ ಎಂದು ಹರಿಹರನು ಕೋಪಗೊಂಡು ಹೊಡೆದನೆಂದೂ, ಅಳಿಯನ ಹಲ್ಲುಗಳು ಉದುರಿದವೆಂದೂ, ಮುಂದೆ ಶರಣರ ಚರಿತ್ರೆಗಳನ್ನು ಬರೆದಂತೆಲ್ಲ ಅವು ಮರಳಿ ಬಂದವೆಂದೂ ಹೇಳುತ್ತಾರೆ. ಇದು ಐತಿಹ್ಯವೇ ಹೊರತು ಇತಿಹಾಸವಲ್ಲ. ಆದರೆ ಕಥೆ ಹೇಳುವವನನ್ನು ಕಥೆಯ ಕಡೆಗೆ ಎಳೆಯುವುದು ಯಾವುದು ಎಂಬ ಪ್ರಶ್ನೆಯನ್ನು ಇಷ್ಟು ಸ್ಪಷ್ಟವಾಗಿ ಎತ್ತಿದ ಪ್ರಸಂಗ ಬೇರೊಂದು ಇರಲಾರದು. ಹರಿಹರನು ರಾಜಸ್ತುತಿಯನ್ನು ತೊರೆದು ಕುಂಬಾರ ಗುಂಡಯ್ಯ, ಮಾದಾರ ಚೆನ್ನಯ್ಯರಂತಹ ಕಾಯಕದ ಜನರನ್ನು ರಗಳೆಗಳಲ್ಲಿ ಹಾಡಿದ. ಅವನಿಗೆ ಅದನ್ನು ಬಿಟ್ಟು ಬೇರೆ ದಾರಿ ಇರಲಿಲ್ಲ. ರಾಘವಾಂಕನಿಗೂ ಸತ್ಯಕ್ಕಾಗಿ ಹೆಂಡತಿ ಮಗನನ್ನು ಮಾರಿ ಸುಡುಗಾಡು ಕಾಯ್ದವನ ಕಥೆಯನ್ನು ಹೇಳದೆ ಇರಲು ಸಾಧ್ಯವಾಗಲಿಲ್ಲ. ಸಿದ್ಧರಾಮನ ಚರಿತ್ರೆಯನ್ನೂ ಅವನು ಬರೆದನಾದರೂ ಜನಮನದಲ್ಲಿ ಆಳವಾಗಿ ನಿಂತದ್ದು ಪೆಟ್ಟು ತಿನ್ನಿಸಿದ ಆ ಕಥೆಯೇ ಎಂಬುದನ್ನು ಗಮನಿಸಬೇಕು.

ಅಂದಿನ ಕಾವ್ಯದ ಸ್ಥಾನದಲ್ಲಿ ಇಂದು ಕಾದಂಬರಿ ಮತ್ತು ಸಣ್ಣಕಥೆ ನಿಂತಿವೆ. ಇವನ್ನು ಬರೆಯುವವರ ಪ್ರೇರಣೆ ಏನೆಂದು ಕೇಳಿದರೆ ಸಾಮಾನ್ಯವಾಗಿ ದೊರೆಯುವ ಉತ್ತರಗಳು ಮೂರು: ಹಣ, ಕೀರ್ತಿ, ಸಮಾಜ ಸುಧಾರಣೆ. ಯಾವುದೂ ಸುಳ್ಳಲ್ಲ. ಅ.ನ.ಕೃಷ್ಣರಾಯರು ಲೇಖನಿಯನ್ನೇ ನಂಬಿ ಬಾಳಿ ನೂರಕ್ಕೂ ಹೆಚ್ಚು ಕಾದಂಬರಿಗಳನ್ನು ಕೊಟ್ಟುಹೋದರು. ರಷ್ಯಾದ ದಾಸ್ತೋವ್‌ಸ್ಕಿ 1866ರಲ್ಲಿ ಪ್ರಕಾಶಕನೊಬ್ಬನ ಕಠಿಣ ಕರಾರಿಗೆ ಸಿಕ್ಕಿ, ಗಡುವು ಮೀರಿದರೆ ತನ್ನ ಕೃತಿಗಳ ಹಕ್ಕೇ ಕೈತಪ್ಪುವ ಭಯದಲ್ಲಿ, 'ಜೂಜುಗಾರ' ಎಂಬ ಕಾದಂಬರಿಯನ್ನು 26 ದಿನಗಳಲ್ಲಿ ಹೇಳಿ ಬರೆಸಿದ. ಶೀಘ್ರಲಿಪಿಯಲ್ಲಿ ಬರೆದುಕೊಂಡ ತರುಣಿಯೇ ಮರುವರ್ಷ ಅವನ ಕೈಹಿಡಿದಳು. ಆದರೆ ಆ ಕರಾರು ಅವನಿಗೆ ಕೊಟ್ಟದ್ದು ಅವಸರವನ್ನು ಮಾತ್ರ. ಕಥೆ ಬಂದದ್ದು ಜೂಜಿನ ಮೇಜಿನ ಮುಂದೆ ತಾನೇ ಕಳೆದುಕೊಂಡ ಹಣದಿಂದ, ಮಾನದಿಂದ. ಹಣವೊಂದೇ ಗುರಿಯಾದವನಿಗೆ ಕಿರಾಣಿ ಅಂಗಡಿಯು ಕಾದಂಬರಿಗಿಂತ ಭದ್ರವಾದ ಉದ್ಯೋಗ ಎಂಬುದು ಬರೆಯುವವರಿಗೆಲ್ಲ ಚೆನ್ನಾಗಿ ಗೊತ್ತು!

ಹಾವೇರಿ ಪ್ರಾಂತ್ಯದ ಗಳಗನಾಥರನ್ನು ನೆನೆಯೋಣ. 1869ರಲ್ಲಿ ಜನಿಸಿದ ವೆಂಕಟೇಶ ತಿರಕೋ ಕುಲಕರ್ಣಿಯವರು ತಮ್ಮ ಊರಿನ ಹೆಸರಿನಿಂದಲೇ ಪ್ರಸಿದ್ಧರಾದರು. ಆ ಕಾಲದ ಮುಂಬಯಿ ಕರ್ನಾಟಕದಲ್ಲಿ ಶಾಲೆ, ಕಚೇರಿ, ಸಭ್ಯರ ಸಂಭಾಷಣೆ ಎಲ್ಲವನ್ನೂ ಮರಾಠಿಯು ಆವರಿಸಿತ್ತು. ಕನ್ನಡದವರಿಗೆ ಕನ್ನಡದಲ್ಲಿ ಓದುವ ರುಚಿ ಹತ್ತಿಸಬೇಕೆಂಬ ಹಂಬಲದಿಂದ ಅವರು ಐತಿಹಾಸಿಕ, ಸಾಮಾಜಿಕ ಕಾದಂಬರಿಗಳನ್ನು ಬರೆದರು, ಮರಾಠಿಯಿಂದ ತಂದರು, 'ಸದ್ಬೋಧ ಚಂದ್ರಿಕೆ' ಪತ್ರಿಕೆಯನ್ನು ನಡೆಸಿದರು, ಕೊನೆಗೆ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ಅಲೆದು ಮಾರಿದರು. ಇಲ್ಲಿನ ಪ್ರೇರಣೆಯನ್ನು ಭಾಷಾಭಿಮಾನವೆಂದು ಒಂದೇ ಮಾತಿನಲ್ಲಿ ಹೇಳಬಹುದು. ಆದರೆ ಎಲ್ಲರ ವಿಷಯದಲ್ಲಿ ಉತ್ತರ ಇಷ್ಟು ಸರಳವಲ್ಲ.

ಆಂಗ್ಲ ಲೇಖಕ ಜಾರ್ಜ್ ಆರ್ವೆಲ್ 1946ರ ತನ್ನ ಪ್ರಬಂಧವೊಂದರಲ್ಲಿ ಬರಹಗಾರನ ಪ್ರೇರಣೆಗಳನ್ನು ನಾಲ್ಕಾಗಿ ವಿಂಗಡಿಸಿದ್ದಾನೆ: ಅಹಂಕಾರ, ಸೌಂದರ್ಯಪ್ರೀತಿ, ಕಂಡದ್ದನ್ನು ಮುಂದಿನವರಿಗೆ ಉಳಿಸುವ ಬಯಕೆ, ರಾಜಕೀಯ ಉದ್ದೇಶ. ಪಟ್ಟಿ ಚೆನ್ನಾಗಿದೆ. ಆದರೆ ನಮ್ಮ ನಾಡಿನ ಒಬ್ಬ ತಾಯಿಯನ್ನು ಇದರ ಯಾವ ಮನೆಯಲ್ಲಿ ಕೂರಿಸಬೇಕೆಂದು ನಮಗೆ ತಿಳಿಯದಾಗಿದೆ.

ತೀರ್ಥಹಳ್ಳಿಯಲ್ಲಿ 1917ರಲ್ಲಿ ಹುಟ್ಟಿದ ಎಂ.ಕೆ.ಇಂದಿರಾ ಅವರಿಗೆ ದೊರೆತ ಶಾಲಾ ಶಿಕ್ಷಣ ಏಳು ವರ್ಷಗಳದ್ದು. ಹನ್ನೆರಡನೆಯ ವಯಸ್ಸಿಗೆ ಮದುವೆ, ಆಮೇಲೆ ಸಂಸಾರ. ಕಾದಂಬರಿಯ ಬರವಣಿಗೆಗೆ ತೊಡಗಿದ್ದು ನಲವತ್ತೈದರ ಸುಮಾರಿನಲ್ಲಿ. ಮೊದಲ ಕಾದಂಬರಿ 'ತುಂಗಭದ್ರ' 1963ರಲ್ಲಿ ಹೊರಬಂದಿತು. ಆದರೆ ಅವರೊಳಗೆ ಅದಕ್ಕಿಂತ ಹಳೆಯದೊಂದು ಕಥೆ ಕಾದು ಕುಳಿತಿತ್ತು. ಬಾಲ್ಯದಲ್ಲಿ ತಾವು ಕಂಡಿದ್ದ ಒಬ್ಬ ವೃದ್ಧ ವಿಧವೆಯ ಕಥೆ ಅದು. ಆ ಅಜ್ಜಿ ತಮ್ಮ ಬದುಕನ್ನು ಇಂದಿರಾ ಅವರ ತಾಯಿಯವರಲ್ಲಿ ಹೇಳಿಕೊಂಡಿದ್ದರು. ಅದು ಮಗಳ ಕಿವಿಗೆ ಬಿದ್ದು ದಶಕಗಳ ಕಾಲ ಅಲ್ಲೇ ಉಳಿಯಿತು. 1976ರಲ್ಲಿ 'ಫಣಿಯಮ್ಮ' ಎಂಬ ಹೆಸರಿನಿಂದ ಪ್ರಕಟವಾಯಿತು.

ಬುದ್ಧಿ ತಿಳಿಯುವ ಮೊದಲೇ ಮದುವೆಯಾಗಿ, ಮೈನೆರೆಯುವ ಮೊದಲೇ ಗಂಡನನ್ನು ಕಳೆದುಕೊಂಡು, ಕೂದಲು ತೆಗೆಸಿಕೊಂಡು ಮಲೆನಾಡಿನ ದೊಡ್ಡ ಮನೆಯೊಂದರಲ್ಲಿ ಎಲ್ಲರಿಗೂ ದುಡಿದ ಹೆಂಗಸು ಫಣಿಯಮ್ಮ. ಎದುರು ಮಾತನಾಡಿದವರಲ್ಲ, ದ್ವೇಷಿಸಿದವರಲ್ಲ. ಆದರೆ ಊರು ಮುಟ್ಟಲೊಲ್ಲದ ಹೆಣ್ಣಿಗೆ ಹೆರಿಗೆಯ ಕಷ್ಟ ಬಂದಾಗ ಕತ್ತಲಲ್ಲಿ ಎದ್ದು ಹೋದರು. ತಲೆಗೂದಲು ತೆಗೆಸಲು ಒಲ್ಲೆನೆಂದ ಎಳೆಯ ವಿಧವೆಯ ಪಕ್ಕದಲ್ಲಿ ಸದ್ದಿಲ್ಲದೆ ನಿಂತರು. ಇಂತಹ ಬದುಕು ಯಾವ ದಾಖಲೆಯಲ್ಲಿ ಬರುತ್ತದೆ? ಅವರ ಹೆಸರಿನಲ್ಲಿ ಹೊಲವಿಲ್ಲ, ಆದ್ದರಿಂದ ಶಾನುಭೋಗರ ಲೆಕ್ಕದಲ್ಲಿಲ್ಲ. ಮಕ್ಕಳಿಲ್ಲ, ಆದ್ದರಿಂದ ವಂಶಾವಳಿಯಲ್ಲಿಲ್ಲ. ಕೇಳಿಸಿಕೊಂಡವಳು ಬರೆಯದಿದ್ದರೆ ಅವರು ಇದ್ದರೆಂಬುದೇ ಇಲ್ಲವಾಗುತ್ತಿತ್ತು. ಇಂದಿರಾ ಅವರನ್ನು ಬರೆಯಿಸಿದ್ದು ಅಹಂಕಾರವಲ್ಲ, ರಾಜಕೀಯವಂತೂ ಅಲ್ಲ. ನಮ್ಮಲ್ಲಿ ಅದಕ್ಕೆ ಋಣವೆಂಬ ಮಾತಿದೆ. ಪ್ರೇಮಾ ಕಾರಂತರು ಈ ಕಥೆಯನ್ನು ಚಲನಚಿತ್ರವಾಗಿಸಿದರು, ತೇಜಸ್ವಿನಿ ನಿರಂಜನ ಅವರು ಇಂಗ್ಲಿಷಿಗೆ ಅನುವಾದಿಸಿದರು.

ತಲೆ ಬೋಳಿಸುವ ಆಚಾರ ನಮ್ಮ ಸಮಾಜದಲ್ಲಿ ಇರಲಿಲ್ಲ, ಉಡಿಕೆಯ ಪದ್ಧತಿಯಿತ್ತು ಎಂದು ನಾವು ಹೆಮ್ಮೆಪಡುವುದುಂಟು. ಹೆಮ್ಮೆ ಸಕಾರಣವಾದದ್ದೇ. ಆದರೂ ಮಂಗಳಕಾರ್ಯದ ದಿನ ಹೊರಗೆ ಬಾರದೆ ಅಡುಗೆಮನೆಯ ಮೂಲೆಯಲ್ಲಿ ಕುಳಿತು ಕಾಯಿ ತುರಿದ ಅಜ್ಜಿಯರು, ಚಿಕ್ಕಮ್ಮಂದಿರು ನಮ್ಮ ಮನೆಗಳಲ್ಲೂ ಇದ್ದರು. ಅವರ ಕಥೆಗಳನ್ನು ಬರೆದವರು ಎಷ್ಟು ಮಂದಿ?

ಎಸ್.ಎಲ್.ಭೈರಪ್ಪನವರ 'ಗೃಹಭಂಗ'ದ ಹಿಂದೆ ಇರುವುದು ಕೇಳಿದ ಕಥೆಯಲ್ಲ, ಉಂಡ ದುಃಖ. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ 1931ರಲ್ಲಿ ಹುಟ್ಟಿದ ಅವರು ಬಾಲ್ಯದಲ್ಲೇ ಒಡಹುಟ್ಟಿದವರನ್ನೂ ತಾಯಿಯನ್ನೂ ಪ್ಲೇಗಿನಲ್ಲಿ ಕಳೆದುಕೊಂಡರು. ಸಾವೆಂದರೇನು ಎಂಬ ಪ್ರಶ್ನೆ ಅವರನ್ನು ತತ್ತ್ವಶಾಸ್ತ್ರದ ಅಧ್ಯಯನಕ್ಕೆ ಕರೆದೊಯ್ಯಿತು. ಅವರು ಅದರ ಅಧ್ಯಾಪಕರೂ ಆದರು. ಶಾಸ್ತ್ರದಿಂದಲೇ ಸಮಾಧಾನ ದೊರೆತಿದ್ದರೆ 1970ರಲ್ಲಿ 'ಗೃಹಭಂಗ' ಬರುತ್ತಿರಲಿಲ್ಲವೆಂದು ನಮ್ಮ ಎಣಿಕೆ. ಆ ಕಾದಂಬರಿಯ ನಂಜಮ್ಮ ಕೈಲಾಗದ ಗಂಡನ ಶಾನುಭೋಗಿಕೆಯ ಲೆಕ್ಕವನ್ನು ತಾನೇ ಬರೆದು ಮಕ್ಕಳನ್ನು ಸಾಕುತ್ತಾಳೆ. ಬೆಳೆದು ನಿಂತ ಮಗಳು, ಮಗ ಇಬ್ಬರನ್ನೂ ಪ್ಲೇಗು ಒಂದರ ಹಿಂದೊಂದಾಗಿ ಒಯ್ಯುತ್ತದೆ. ಕಡೆಗೆ ಆಕೆಯೂ ಹೋಗುತ್ತಾಳೆ.

ನಮ್ಮ ವಾಚಕರು ಈ ಕಾದಂಬರಿಯಲ್ಲಿ ವಿಶೇಷವಾಗಿ ಗಮನಿಸಬೇಕಾದ ಪಾತ್ರವೊಂದಿದೆ. ಭಿಕ್ಷೆಯಿಂದ ಜೀವಿಸುವ ಜಂಗಮರಾದ ಮಹಾದೇವಯ್ಯನವರು ಅವರು. ನೆಂಟರಿಷ್ಟರೆನಿಸಿಕೊಂಡವರು ಆ ಬ್ರಾಹ್ಮಣ ಕುಟುಂಬವನ್ನು ಕೈಬಿಟ್ಟಾಗ ನೆರವಿಗೆ ನಿಲ್ಲುವವರು ಅವರು. ಎಲ್ಲ ಮುಗಿದ ಮೇಲೆ ಉಳಿದ ಎಳೆಯ ಬಾಲಕನ ಕೈಹಿಡಿದು ಊರು ಬಿಟ್ಟು ನಡೆಯುವವರೂ ಅವರೇ. ಕಾವಿ ತೊಟ್ಟವರನ್ನು ಗೇಲಿ ಮಾಡುವುದೇ ಕಾದಂಬರಿಯ ಕೆಲಸವೆಂದು ಕೆಲವರು ತಿಳಿದಿರುವಾಗ, ಹಸಿದವರಿಗೆ ಜೋಳಿಗೆಯ ಧಾನ್ಯವನ್ನು ಹಂಚುವ ಈ ಜಂಗಮ ಮೂರ್ತಿಯನ್ನು ನಾವು ಮರೆಯಲಾರೆವು.

ಭೈರಪ್ಪನವರು ತಮ್ಮ ಆತ್ಮಕಥೆ 'ಭಿತ್ತಿ'ಯನ್ನು ಹೊರತಂದದ್ದು 1996ರಲ್ಲಿ, ಕಾದಂಬರಿಯ 26 ವರ್ಷಗಳ ತರುವಾಯ. ನೇರವಾಗಿ ಹೇಳಬಹುದಾಗಿದ್ದ ದುಃಖವನ್ನು ಮೊದಲು ಕಾದಂಬರಿಯಾಗಿ ಹೇಳಿದ್ದೇಕೆ? ಆತ್ಮಕಥೆಯಲ್ಲಿ ಮಗನು ತಾಯಿಯನ್ನು ಹೊರಗಿನಿಂದ ನೋಡಬಲ್ಲ, ಅಷ್ಟೆ. ಆಕೆ ಒಲೆಯ ಮುಂದೆ ಒಬ್ಬಳೇ ಕುಳಿತಾಗ ಏನು ಯೋಚಿಸಿದಳೆಂಬುದು ಅವನಿಗೆ ಗೊತ್ತಾಗದು. ಹೆಸರು ಬದಲಿಸಿ, ಆಕೆಯನ್ನು ನಂಜಮ್ಮನೆಂದು ಕರೆದಾಗ ಮಾತ್ರ ಒಳಗೆ ಹೋಗುವ ಬಾಗಿಲು ತೆರೆಯುತ್ತದೆ. ಇಂಗ್ಲೆಂಡಿನ ಚಾರ್ಲ್ಸ್ ಡಿಕನ್ಸ್ ಹನ್ನೆರಡರ ಎಳೆತನದಲ್ಲಿ, ತಂದೆ ಸಾಲಕ್ಕಾಗಿ ಸೆರೆಮನೆ ಸೇರಿದ್ದಾಗ, ಬೂಟಿನ ಕಪ್ಪು ತಯಾರಿಸುವ ಕಾರ್ಖಾನೆಯಲ್ಲಿ ಡಬ್ಬಿಗಳಿಗೆ ಚೀಟಿ ಅಂಟಿಸಿದ್ದ. ಆ ನಾಚಿಕೆಯನ್ನು ತನ್ನ ಮಕ್ಕಳಿಗೂ ಹೇಳಲಿಲ್ಲ. ಆದರೆ 'ಡೇವಿಡ್ ಕಾಪರ್‌ಫೀಲ್ಡ್' ಕಾದಂಬರಿಯಲ್ಲಿ ಲೋಕಕ್ಕೆಲ್ಲ ಹೇಳಿದ!

ಪ್ಲೇಗಿನ ನೆನಪಿನಿಂದ ಬೆಳೆದ ಮತ್ತೊಂದು ಕೃತಿ ಯು.ಆರ್.ಅನಂತಮೂರ್ತಿಯವರ 'ಸಂಸ್ಕಾರ'. ಇದು ಬರೆದುದು ಮಲೆನಾಡಿನಲ್ಲಲ್ಲ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ, ಸಂಶೋಧನೆಗೆಂದು ಹೋಗಿದ್ದಾಗ. ಸ್ವೀಡನ್ನಿನ ನಿರ್ದೇಶಕ ಬರ್ಗ್‌ಮನ್ನನ 'ಸೆವೆಂತ್ ಸೀಲ್' ಚಿತ್ರವನ್ನು ಅವರು ತಮ್ಮ ಗುರು ಮಾಲ್ಕಂ ಬ್ರಾಡ್‌ಬರಿಯವರೊಂದಿಗೆ ನೋಡಿದರು. ಮಹಾಮಾರಿಗೆ ಸಿಕ್ಕಿದ ಮಧ್ಯಯುಗದ ಯೂರೋಪಿನ ಚಿತ್ರವದು. ಪಾಶ್ಚಾತ್ಯರು ಪುಸ್ತಕಗಳಿಂದ ಕಟ್ಟಿಕೊಳ್ಳಬೇಕಾದ ಆ ಯುಗವು ತಮ್ಮೊಳಗೆ ಬಾಲ್ಯದ ನೆನಪಾಗಿಯೇ ಜೀವಂತವಿದೆಯೆಂಬ ಅರಿವು ಆ ಸಂಜೆಯ ಮಾತುಕತೆಯಲ್ಲಿ ಹುಟ್ಟಿತು. 1965ರಲ್ಲಿ ಕಾದಂಬರಿ ಪ್ರಕಟವಾಯಿತು. ಊರು ದೂರವಾದಾಗಲೇ ಊರು ಕಾಣುವುದು. ಹೊರದೇಶಗಳಲ್ಲಿರುವ ನಮ್ಮ ಮಕ್ಕಳಲ್ಲಿ ಕೆಲವರಾದರೂ ಇದನ್ನು ಒಪ್ಪಬಹುದು.

ಇಂತಹ ಬರಹಗಳು ಬಂದಾಗಲೆಲ್ಲ ಕೇಳಿಬರುವ ಆಕ್ಷೇಪವೊಂದುಂಟು: ಮನೆಯ ಗುಟ್ಟನ್ನು ಬೀದಿಗೆ ತಂದರು, ಸಮಾಜದ ಮಾನ ಕಳೆದರು. 'ಸಂಸ್ಕಾರ' ಚಲನಚಿತ್ರವಾದಾಗ ಸೆನ್ಸಾರ್ ಮಂಡಳಿ ಮೊದಲು ತಡೆಹಿಡಿಯಿತು. ಬಿಡುಗಡೆಯ ತರುವಾಯ ಅದು ರಾಷ್ಟ್ರಪ್ರಶಸ್ತಿಯನ್ನು ಪಡೆಯಿತು. ನಮ್ಮಲ್ಲೂ ಇದು ನಡೆದಿದೆ. ಗೋಕಾಕ ತಾಲ್ಲೂಕಿನ ಮಲಾಮರಡಿಯ ಬಸವರಾಜ ಕಟ್ಟೀಮನಿಯವರು 'ಜರತಾರಿ ಜಗದ್ಗುರು' ಬರೆದಾಗ ಮಠಗಳ ಅಭಿಮಾನಿಗಳು ಕೆರಳಿದ್ದುಂಟು. ಅದೇ ಕಟ್ಟೀಮನಿಯವರು ಸ್ವಾತಂತ್ರ್ಯ ಹೋರಾಟದ ಕಥೆಯಾದ 'ಮಾಡಿ ಮಡಿದವರು' ಕೊಟ್ಟರು. 1980ರಲ್ಲಿ ಬೆಳಗಾವಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ದ್ವೇಷದಿಂದ ಬರೆದದ್ದಕ್ಕೂ ನೋವಿನಿಂದ ಬರೆದದ್ದಕ್ಕೂ ಇರುವ ಅಂತರವನ್ನು ಗುರುತಿಸುವುದು ಸುಲಭವಲ್ಲವಾದರೂ ಅಸಾಧ್ಯವಲ್ಲ. ದ್ವೇಷದಿಂದ ಬರೆಯುವವನಿಗೆ ತಾನು ಬೈಯುವ ಮನುಷ್ಯನ ಮುಖ ಚೆನ್ನಾಗಿ ಕಾಣುವುದಿಲ್ಲ. ನೋವಿನಿಂದ ಬರೆಯುವವನ ಪುಟಗಳಲ್ಲಿ ಕೆಟ್ಟವನೂ ಉಸಿರಾಡುತ್ತಾನೆ.

ಗುಟ್ಟು ಹೊರಬಂದದ್ದರಿಂದ ಮನೆಗಳಿಗೆ ಒಳಿತಾದ ಉದಾಹರಣೆಯೂ ಇದೆ. ಮನಶ್ಶಾಸ್ತ್ರವನ್ನು ಓದಿದ್ದ ತ್ರಿವೇಣಿಯವರು ಸುಮಾರು ಹತ್ತು ವರ್ಷಗಳ ಅವಧಿಯಲ್ಲಿ ಇಪ್ಪತ್ತರಷ್ಟು ಕಾದಂಬರಿಗಳನ್ನು ಬರೆದರು. 'ಶರಪಂಜರ'ದ ಕಾವೇರಿ ಹೆರಿಗೆಯ ತರುವಾಯ ಮನಸ್ಸಿನ ಸ್ವಾಸ್ಥ್ಯವನ್ನು ಕಳೆದುಕೊಂಡು, ಆಸ್ಪತ್ರೆಯಲ್ಲಿ ಗುಣಹೊಂದಿ, ಮನೆಗೆ ಮರಳುತ್ತಾಳೆ. ಆಕೆಯನ್ನು ಮತ್ತೆ ಕೆಡವುವುದು ರೋಗವಲ್ಲ. ಗಂಡನ ತಾತ್ಸಾರ, ನೆರೆಹೊರೆಯವರ ಪಿಸುಮಾತು. ಬಾಣಂತಿಯ ಮಂಕನ್ನು ಗಾಳಿ ಸೋಂಕೆಂದು ತಾಯಿತ ಕಟ್ಟಿಸುತ್ತಿದ್ದ ಮನೆಗಳಿಗೆ ಇದೊಂದು ಕಾಯಿಲೆ, ಗುಣವಾಗಬಲ್ಲ ಕಾಯಿಲೆ ಎಂದು ತಿಳಿಸಿದ್ದು ವೈದ್ಯರ ಉಪನ್ಯಾಸವಲ್ಲ, ಈ ಕಾದಂಬರಿ, ಮತ್ತು 1971ರಲ್ಲಿ ಪುಟ್ಟಣ್ಣ ಕಣಗಾಲರು ಅದರಿಂದ ಮಾಡಿದ ಚಿತ್ರ. ತ್ರಿವೇಣಿಯವರು ಚಿತ್ರವನ್ನು ನೋಡಲಿಲ್ಲ. 1963ರ ಜುಲೈ ತಿಂಗಳಲ್ಲಿ, ಮಗಳನ್ನು ಹೆತ್ತ ಕೆಲವೇ ದಿನಗಳಲ್ಲಿ, ಮೂವತ್ತೈದು ತುಂಬುವ ಮುನ್ನವೇ ಅವರು ತೀರಿಕೊಂಡರು.

ಈ ದಾರಿಯಲ್ಲಿ ಇತ್ತೀಚೆಗೆ ಲೋಕದ ಗಮನ ಸೆಳೆದವರು ಹಾಸನದ ಬಾನು ಮುಷ್ತಾಕ್ ಅವರು. ಪತ್ರಕರ್ತೆಯಾಗಿ, ವಕೀಲರಾಗಿ ದುಡಿದ ಅವರಿಗೆ ಹೆಣ್ಣುಮಕ್ಕಳ ಅಹವಾಲುಗಳು ಹೊಸತಲ್ಲ. ನ್ಯಾಯಾಲಯದ ಅರ್ಜಿಯಲ್ಲಿ ತಾರೀಖು, ಮೊತ್ತ, ಜೀವನಾಂಶ ಎಲ್ಲವೂ ಬರೆಯಲ್ಪಡುತ್ತವೆ. ಆದರೆ ಕೂಸನ್ನು ಕಂಕುಳಲ್ಲಿಟ್ಟುಕೊಂಡು ತವರಿನ ಹೊಸ್ತಿಲಲ್ಲಿ ನಿಂತು, ಒಳಗೆ ಕರೆಯುವರೋ ಇಲ್ಲವೋ ಎಂದು ಕಾಯುವ ಗಳಿಗೆಗೆ ಅರ್ಜಿಯಲ್ಲಿ ಜಾಗವಿಲ್ಲ. ಅದು ಕಥೆಗೇ ಬರಬೇಕು. ಸ್ವಸಮುದಾಯದ ಕೆಲವರ ಬಹಿಷ್ಕಾರವನ್ನೂ ಅವರು ಎದುರಿಸಬೇಕಾಯಿತು, ಬರೆಯುವುದನ್ನು ನಿಲ್ಲಿಸಲಿಲ್ಲ. ಮೂರು ದಶಕಗಳಿಗೂ ಮಿಕ್ಕಿದ ಅವಧಿಯಲ್ಲಿ ಬರೆದ ಕಥೆಗಳಿಂದ ಆರಿಸಿದ ಹನ್ನೆರಡನ್ನು ದೀಪಾ ಭಾಸ್ತಿಯವರು ಇಂಗ್ಲಿಷಿಗೆ ತಂದರು. 'ಹಾರ್ಟ್ ಲ್ಯಾಂಪ್' ಎಂಬ ಆ ಸಂಕಲನಕ್ಕೆ 2025ರ ಮೇ ತಿಂಗಳಿನಲ್ಲಿ ಲಂಡನ್ನಿನಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಿತು. ಕನ್ನಡದ ಕೃತಿಯೊಂದಕ್ಕೆ ಆ ಗೌರವ ಸಂದದ್ದು ಅದೇ ಮೊದಲು.